ಮುದ್ರೆ ಬೀಳದ ಕಾಗದ

ಮನೋವೈದ್ಯರ ಚಿಕಿತ್ಸೆಯಲ್ಲಿದ್ದೇನೆಂದು ವಿಭಾಗದಲ್ಲಿ ಹೇಳಲೇ, ಮುಚ್ಚಿಟ್ಟುಕೊಂಡೇ ಎಂ.ಎ. ಮುಗಿಸಲೇ ಎಂದು ಕೇಳಿದ್ದೀರಿ. ನಾನು ಹೇಳಿದ್ದೆ. ಆದರೂ ಒಂದು ವರ್ಷ ಕಳೆದುಕೊಂಡೆ.

2018ರಲ್ಲಿ ಅರ್ಥಶಾಸ್ತ್ರ ಎಂ.ಎ. ಸೇರಿದ್ದೆ. ಎರಡನೆಯ ಸೆಮಿಸ್ಟರ್‌ನಲ್ಲಿ ಮೂರು ವಾರ ಹಾಸ್ಟೆಲ್ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿಬಿಟ್ಟೆ. ಗೆಳೆಯ ತಂದಿಡುತ್ತಿದ್ದ ತಟ್ಟೆಯಲ್ಲಿ ಅನ್ನ ಒಣಗಿ ಕಲ್ಲಾಗುತ್ತಿತ್ತು. ಕೊನೆಗೆ ಅವನೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದ. ಬೈಪೋಲಾರ್ ಕಾಯಿಲೆ ಎಂದರು; ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ, ಕೆಲವು ಕಾಲ ತೀವ್ರ ಖಿನ್ನತೆಗೆ ಹೊರಳುವ ಕಾಯಿಲೆ. ಲಿಥಿಯಂ ಮಾತ್ರೆಯಿಂದ ಮನಸ್ಸು ಹತೋಟಿಗೆ ಬಂತು, ಆದರೆ ಕೈ ನಡುಗತೊಡಗಿತು. ಆ ಮಾತ್ರೆ ತೆಗೆದುಕೊಳ್ಳುವ ಅನೇಕರಿಗೆ ಹೀಗಾಗುತ್ತದೆ. ಒತ್ತಕ್ಷರ ಬರೆಯಲು ಹೋದರೆ ಪೆನ್ನು ಕೆಳಗಿನ ಸಾಲಿಗೆ ಜಾರುತ್ತಿತ್ತು.

ವೈದ್ಯರು ಪ್ರಮಾಣಪತ್ರ ಬರೆದು, "ಕಚೇರಿಗೆ ಕೊಡಿ" ಎಂದರು. ನಾನು ಮಾಡಿದ ತಪ್ಪು ಇಲ್ಲಿದೆ, ಬಿಡಿಸಿ ಹೇಳುತ್ತೇನೆ. ಕಚೇರಿಯ ಬದಲು ನನಗೆ ಅಕ್ಕರೆಯಿದ್ದ ಒಬ್ಬ ಉಪನ್ಯಾಸಕಿಯ ಬಳಿ ಹೋದೆ. ಅವರು ಕಾಗದ ಓದಿ, ಚಹಾ ತರಿಸಿ, "ಯೋಚನೆ ಬಿಡು, ಹಾಜರಾತಿ ನಾನು ನೋಡಿಕೊಳ್ಳುತ್ತೇನೆ" ಎಂದರು. ಮನಸ್ಸಿನಿಂದಲೇ ಹೇಳಿದ ಮಾತು ಅದು. ನನಗೆ ಎಷ್ಟು ಹಗುರವಾಯಿತೆಂದರೆ, ಕೆಲಸ ಮುಗಿಯಿತೆಂದೇ ತಿಳಿದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ಪಕ್ಕದ ಜೇಬಿಗೆ ಹಾಕಿದೆ. ಅವರು ಅತಿಥಿ ಉಪನ್ಯಾಸಕಿ ಎಂಬುದು ನನಗೆ ಗೊತ್ತಿತ್ತು. ಅತಿಥಿ ಉಪನ್ಯಾಸಕರಿಗೆ ಹಾಜರಾತಿ ಮನ್ನಾ ಮಾಡುವ ಅಧಿಕಾರವಿಲ್ಲ, ಸೆಮಿಸ್ಟರ್ ಮುಗಿದರೆ ಅವರೇ ಇರುವುದಿಲ್ಲ ಎಂದು ಮಾತ್ರ ಹೊಳೆಯಲಿಲ್ಲ. ಅವರ ಕರುಣೆಯನ್ನೇ ವಿಶ್ವವಿದ್ಯಾಲಯದ ಆದೇಶವೆಂದುಕೊಂಡೆ.

ಶೇ. 75 ಹಾಜರಾತಿ ಇಲ್ಲದವರ ಪಟ್ಟಿ ಅಂಟಿಸಿದ ದಿನ ಅವರು ಬೇರೆ ಊರಿನಲ್ಲಿದ್ದರು. ನನ್ನ ಹೆಸರಿನ ಮುಂದೆ 58 ಎಂದಿತ್ತು. ಮುಖ್ಯಸ್ಥರು ನನ್ನ ಕಾಗದ ನೋಡಿ ಒಂದೇ ಪ್ರಶ್ನೆ ಕೇಳಿದರು: "ಎರಡು ತಿಂಗಳ ಹಿಂದಿನದು. ಇಷ್ಟು ದಿನ ಎಲ್ಲಿತ್ತು?" ಮಡಿಕೆ ಸವೆದು ವೈದ್ಯರ ಸಹಿಯ ಮಧ್ಯೆಯೇ ಹರಿದಿತ್ತು. ಅರ್ಜಿ ಇಲ್ಲ, ಕಚೇರಿಗೆ ತಲುಪಿತೆಂದು ತೋರಿಸುವ ಆವಕ ಸಂಖ್ಯೆ ಇಲ್ಲ. ಪರೀಕ್ಷೆಗೆ ಕೂರಲು ಬಿಡಲಿಲ್ಲ.

ಆದ್ದರಿಂದ ಹೇಳಬೇಕೇ ಬೇಡವೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾರ ಮುಂದೆ ಮನಸ್ಸು ಬಿಚ್ಚುತ್ತೀರಿ ಎಂಬುದು ನಿಮ್ಮ ಇಷ್ಟ; ಸಹಪಾಠಿಗಳಿಗೆ ಒಂದಕ್ಷರವೂ ಹೇಳಬೇಕಾಗಿಲ್ಲ. ಕಚೇರಿಗೆ ಕೊಡುವ ಅರ್ಜಿಯೇ ಬೇರೆ ಮಾತು. ಅದರಲ್ಲಿ ಕಷ್ಟದ ಕಥೆ ಬೇಡ, ಬೇಕಾದುದನ್ನು ಮಾತ್ರ ಬರೆಯಿರಿ: ಚಿಕಿತ್ಸೆಯ ದಿನಗಳ ಹಾಜರಾತಿ, ಪರೀಕ್ಷೆಗೆ ಹೆಚ್ಚುವರಿ ಸಮಯ. ಸೆಮಿಸ್ಟರಿನ ಮೊದಲ ವಾರದಲ್ಲೇ ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ.

ಇದು ಭಿಕ್ಷೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಬರೆಯಲು ತೊಂದರೆಯಿದ್ದು, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವಿಗೆ ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದು 2018ರ ಕೇಂದ್ರದ ಮಾರ್ಗಸೂಚಿ ಹೇಳಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. "ಶೇ. 40 ವೈಕಲ್ಯವಿಲ್ಲವಲ್ಲ" ಎಂದು ಯಾರಾದರೂ ತಳ್ಳಿಹಾಕಿದರೆ, 2021ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪನ್ನು ತೋರಿಸಿ. ಬರೆಯುವಾಗ ಕೈ ಸೆಳೆತ ಬರುತ್ತಿದ್ದ ಯುಪಿಎಸ್‌ಸಿ ಅಭ್ಯರ್ಥಿಗೆ ಲಿಪಿಕಾರರ ನೆರವು ಪಡೆಯಲು ಆ ಮಿತಿ ಅಡ್ಡಬರಬಾರದು ಎಂದು ಕೋರ್ಟ್ ಹೇಳಿತು. ಅಂಥವರಿಗಾಗಿಯೇ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು.

ರಾತ್ರಿ ತಡೆಯಲಾಗದಷ್ಟು ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಮಾತ್ರೆಯನ್ನು ಮಾತ್ರ ಪರೀಕ್ಷೆ ಹತ್ತಿರವಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ.

ಮರುವರ್ಷ ತರಗತಿ ಶುರುವಾದ ದಿನವೇ ಅರ್ಜಿ ಹಿಡಿದು ಟಪಾಲು ಕಿಟಕಿಯ ಮುಂದೆ ನಿಂತೆ. ಒಳಗಿರುವವರು ಕಾಯಿಲೆಯ ಹೆಸರು ಓದಿ ತಲೆಯೆತ್ತಿ ನನ್ನ ಮುಖ ನೋಡುತ್ತಾರೆಂದು ಅಂಗೈ ಬೆವರಿತ್ತು. ಗುಮಾಸ್ತರು ಓದಲೇ ಇಲ್ಲ. ಮುದ್ರೆ ಒತ್ತಿ, ಸಂಖ್ಯೆ ಬರೆದು, ಪ್ರತಿಯನ್ನು ಹಿಂದಕ್ಕೆ ತಳ್ಳಿ, ನನ್ನ ಹಿಂದೆ ನಿಂತಿದ್ದವರ ಕಾಗದಕ್ಕೆ ಕೈ ಚಾಚಿದರು.