ರಾತ್ರಿಗೆ ಸೋಲಾರ್ ಕರೆಂಟು ಸಿಗುವುದು ಹೇಗೆ?

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದ್ದರೂ ರಾಯಚೂರಿನಲ್ಲಿ ಇನ್ನೂ ಕಲ್ಲಿದ್ದಲು ಯಾಕೆ ಸುಡುತ್ತಾರೆ ಅಂತ ಕೇಳಿದ್ದೀರಿ. ಪಾವಗಡದ ಸಾಮರ್ಥ್ಯ 2,050 ಮೆಗಾವ್ಯಾಟ್, ನಿಜ. ಆದರೆ ಹೊತ್ತು ಮುಳುಗಿದ ಮೇಲೆ ಅದು ಸೊನ್ನೆ. ಮನೆಮನೆಯಲ್ಲಿ ದೀಪ, ಟಿವಿ ಹಾಕುವುದು ಆಗಲೇ ಅಲ್ವಾ?

ಮೊದಲು ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟು ಕೊಡಬೇಕು. ಬಿಸಿಲಿದ್ದಾಗಲೇ ನೀರು ಹಾಯಿಸಿದರೆ ರಾತ್ರಿಯ ಬೇಡಿಕೆ ಇಳಿಯುತ್ತದೆ. ರೈತರು ಕತ್ತಲಲ್ಲಿ ಹಾವಿನ ಭಯದಲ್ಲಿ ಹೊಲಕ್ಕೆ ಹೋಗುವುದೂ ತಪ್ಪುತ್ತದೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಪಂಪ್‌ಸೆಟ್‌ಗಳ ಫೀಡರ್ (ಸಬ್‌ಸ್ಟೇಷನ್‌ನಿಂದ ಕರೆಂಟು ತರುವ ಲೈನು) ಬೇರೆ ಮಾಡಿ, ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಬೇಕು. ಕೃಷಿಗೆ ಸೋಲಾರ್ ಕರೆಂಟು ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಅದಕ್ಕೆ ದಾರಿ ಇದೆ.

ಆಮೇಲೆ ಶರಾವತಿ. ಅಲ್ಲಿನ ಒಟ್ಟು 1,035 ಮೆಗಾವ್ಯಾಟ್‌ನ ಜಲವಿದ್ಯುತ್ ಘಟಕಗಳನ್ನು ಹಗಲು ಕಡಿಮೆ ಓಡಿಸಿ, ಉಳಿದ ನೀರನ್ನು ಸಂಜೆಗೆ ಬಳಸಬಹುದು. ಹೊಸ ಪಂಪ್ಡ್ ಸ್ಟೋರೇಜ್‌ಗಾಗಿ (ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಇಳಿಸಿ ಕರೆಂಟು ಮಾಡುವ ಯೋಜನೆ) ಸಿಂಗಳೀಕಗಳ ಕಾಡು ಕಡಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬ್ಯಾಟರಿಗಳನ್ನು ಪಾವಗಡದಲ್ಲೇ ಇಡಬಹುದಲ್ಲ, ಲೈನು ಹೇಗೂ ಇದೆ.