ಪಿಯುಸಿ ಪಾಸಾದವರೆಲ್ಲ ಕಾಲೇಜಿಗೆ ಏಕೆ ಸೇರುತ್ತಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರಿಂದ ನನಗೆ ಬರುವ ಪತ್ರಗಳಲ್ಲಿ ಅವೇ ನಾಲ್ಕೈದು ಪ್ರಶ್ನೆಗಳು ಮತ್ತೆ ಮತ್ತೆ ಇರುತ್ತವೆ. ಪದವಿ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ ಈ ಪ್ರಶ್ನೆಗಳ ಬಗ್ಗೆ ಬೇಸರವಿದೆ, ಏಕೆಂದರೆ ಅವುಗಳಲ್ಲಿ ಅರ್ಧದಷ್ಟು ಮಧ್ಯವರ್ತಿಗಳು ಹುಟ್ಟಿಸಿದ ಸುಳ್ಳಿನಿಂದ ಬಂದವು. ಯಾವ ಕೋರ್ಸಿಗೆ ಎಷ್ಟು ಅಂಕ ಬೇಕು, ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನೋಂದಣಿ ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೇಳಿದರೆ ಹೇಳುತ್ತಾರೆ.

ಪ್ರಶ್ನೆ: ಮಗ ಇಂಗ್ಲಿಷ್‌ನಲ್ಲಿ ಫೇಲಾಗಿದ್ದಾನೆ. ಪಿಯುಸಿ ಪಾಸಾಗದಿದ್ದರೂ ಒಂದೇ ವರ್ಷದಲ್ಲಿ ಪದವಿ ಕೊಡಿಸುವುದಾಗಿ ಒಬ್ಬರು ಹೇಳುತ್ತಿದ್ದಾರೆ. ಸೇರಿಸಬಹುದೆ? (ಶಹಾಪುರ)

ಖಂಡಿತ ಬೇಡ, ಅದು ಶುದ್ಧ ಮೋಸ. 2024ರಿಂದ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮಗನನ್ನು ಎರಡನೆಯದಕ್ಕೆ ಕೂರಿಸಿ, ಅದೇ ವರ್ಷ ಕಾಲೇಜಿಗೆ ಸೇರಿಸಿ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಪ್ರತಿವರ್ಷ ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದ ಐವರಿಗೆ ಶಾಲು ಹೊದಿಸಿ ನಗದು ಬಹುಮಾನ ಕೊಡುತ್ತೇವೆ. ಆದರೂ ಊರಿನಲ್ಲಿ, ಪಕ್ಕದ ತಾಂಡಾದಲ್ಲಿ ಪಾಸಾದ ಎಷ್ಟೋ ಮಕ್ಕಳು ಪದವಿಗೆ ಸೇರುತ್ತಿಲ್ಲ. ಬಹುಮಾನದ ಮೊತ್ತ ಹೆಚ್ಚಿಸಬೇಕೆ? (ಚಿಂಚೋಳಿ ತಾಲ್ಲೂಕು)

ಬೇಡ. ಬಹುಮಾನ ಪಡೆಯುವ ಆ ಐವರು ನಿಮ್ಮ ಶಾಲು ಇಲ್ಲದಿದ್ದರೂ ಕಾಲೇಜಿಗೆ ಹೋಗುವವರೇ. ಊರಲ್ಲೇ ಉಳಿಯುವವರು ನಲವತ್ತೈದು, ಐವತ್ತು ಪ್ರತಿಶತದಲ್ಲಿ ಪಾಸಾದವರು, ಮತ್ತು ಅವರ ಹೆಸರು ನಿಮ್ಮ ಸಂಘದ ಯಾವ ಪಟ್ಟಿಯಲ್ಲೂ ಇರುವುದಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣ 36.2 ಪ್ರತಿಶತ. ಆ ಸರಾಸರಿಯಲ್ಲಿ ಬೆಂಗಳೂರೂ ಸೇರಿದೆ, ನಿಮ್ಮ ತಾಂಡಾವೂ ಸೇರಿದೆ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ನಮ್ಮ ಕಲಬುರಗಿ ವಿಭಾಗದಲ್ಲೇ ಇದ್ದವು. ಹೀಗಿರುವ ನಾಡಿನಲ್ಲಿ ಮೊದಲ ಐವರನ್ನು ಮಾತ್ರ ನೋಡುವ ಸಂಘ ತನ್ನ ಕೆಲಸವನ್ನು ಇನ್ನೂ ಆರಂಭಿಸಿಯೇ ಇಲ್ಲ ಎಂದು ನಾನು ನೇರವಾಗಿ ಹೇಳುತ್ತೇನೆ.

ಓದು ಬೇಡವೆಂದು ತೀರ್ಮಾನಿಸಿ ಕಾಲೇಜು ಬಿಡುವ ಮಕ್ಕಳು ಕಡಿಮೆ. ಫಲಿತಾಂಶಕ್ಕೂ ಪ್ರವೇಶದ ಕೊನೆಯ ದಿನಾಂಕಕ್ಕೂ ನಡುವಿನ ಎರಡು ಮೂರು ತಿಂಗಳಲ್ಲಿ ಅವರು ಕೈತಪ್ಪಿ ಹೋಗುತ್ತಾರೆ. ಮೃಗಶಿರ ಮಳೆ ಬೀಳುವ ಹೊತ್ತಿಗೇ ಪ್ರವೇಶವೂ ಶುರುವಾಗುತ್ತದೆ. ಮನೆಯಲ್ಲಿದ್ದ ದುಡ್ಡೆಲ್ಲ ಹೆಸರು, ಉದ್ದು, ತೊಗರಿ ಬೀಜಕ್ಕೂ ಗೊಬ್ಬರಕ್ಕೂ ಹೋಗಿರುತ್ತದೆ. ಹೊಲವಿಲ್ಲದವರು ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಕಟ್ಟಡ ಕೆಲಸಕ್ಕೆ ಹೊರಟಿರುತ್ತಾರೆ, ಹುಡುಗ ಜೊತೆಗೆ ಹೋಗುತ್ತಾನೆ, ಹುಡುಗಿ ಅಜ್ಜಿಯನ್ನೂ ತಮ್ಮಂದಿರನ್ನೂ ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾಳೆ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಆ ಮುಂದಿನ ವರ್ಷ ಬಂದದ್ದನ್ನು ನಾನು ಕಂಡದ್ದು ಬಹಳ ಅಪರೂಪ.

ಇನ್ನು ಕಾಗದಪತ್ರ. ಒಬ್ಬ ಹುಡುಗಿಯ ಅರ್ಜಿ ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರು ಲಕ್ಷ್ಮೀಬಾಯಿ, ಆಧಾರ್‌ನಲ್ಲಿ ಬರೀ ಲಕ್ಷ್ಮಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಎರಡನ್ನೂ ಹೋಲಿಸಿ ತಿರಸ್ಕರಿಸುತ್ತದೆ. ಎಂಟನೇ ತರಗತಿಯಲ್ಲಿದ್ದಾಗ ಮಾಡಿಸಿದ ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಸರಿಯಾಗಿ ಈಗಲೇ ಮುಗಿಯುತ್ತದೆ, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಬ್ಯಾಂಕಿನಲ್ಲಿ ಖಾತೆ ಇದೆ, ಆದರೆ ಯಾವಾಗಲೋ ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ಹೆಬ್ಬೆರಳು ಒತ್ತಿದ್ದರಿಂದ ಪೇಮೆಂಟ್ಸ್ ಬ್ಯಾಂಕಿನ ಇನ್ನೊಂದು ಖಾತೆ ತೆರೆದುಕೊಂಡಿದೆ; ಆಧಾರ್ ಕೊನೆಯದಾಗಿ ಜೋಡಣೆಯಾದದ್ದು ಅದಕ್ಕೆ, ಹಣ ಹೋಗುವುದೂ ಅದಕ್ಕೇ. ಕೊನೆಗೆ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗೆ ಬೇಕಾದ ಅನುಬಂಧ-ಎ ಎಂಬ ಸ್ಥಳೀಯರ ಪ್ರಮಾಣಪತ್ರ: ಚಿಂಚೋಳಿಯವರು ಅದಕ್ಕಾಗಿ ಸೇಡಂನ ಸಹಾಯಕ ಆಯುಕ್ತರ ಕಚೇರಿಯವರೆಗೆ ಹೋಗಬೇಕು. ಇವುಗಳಲ್ಲಿ ಒಂದೊಂದೂ ಸಣ್ಣ ಕೆಲಸವೇ. ಆದರೆ ಓದುಬರಹ ತಿಳಿಯದ ತಂದೆತಾಯಿ ಪ್ರತಿಯೊಂದಕ್ಕೂ ಒಂದು ದಿನದ ಕೂಲಿ ಬಿಡಬೇಕು, ಒಮ್ಮೆ ಸರ್ವರ್ ಇಲ್ಲವೆಂದು ವಾಪಸು ಕಳಿಸಿದರೆ ಎರಡನೆಯ ದಿನದ ಕೂಲಿಯನ್ನೂ ಬಿಡಬೇಕು. ಸನ್ಮಾನ ಸಮಾರಂಭದ ಹಣ ಇಲ್ಲಿ ಬೇಕಾಗಿತ್ತು.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ಇಡಿ. ನಿಮ್ಮ ಊರು, ಕೇರಿ, ತಾಂಡಾಗಳಿಂದ ದ್ವಿತೀಯ ಪಿಯುಸಿ ಬರೆಯುತ್ತಿರುವ ಪ್ರತಿ ಮಗುವಿನ ಹೆಸರನ್ನು ಜನವರಿಯಲ್ಲೇ ಬರೆದುಕೊಳ್ಳಿ, ಫೇಲಾಗಬಹುದಾದವರದ್ದೂ ಸೇರಿಸಿ. ನಿಮ್ಮೂರಿಂದ ಈಗಾಗಲೇ ಕಾಲೇಜಿಗೆ ಹೋಗುತ್ತಿರುವ ಹುಡುಗ ಹುಡುಗಿಯರಿಗೆ ಒಬ್ಬೊಬ್ಬರಿಗೆ ನಾಲ್ಕೈದು ಹೆಸರುಗಳ ಹೊಣೆ ಕೊಡಿ. ಹುಡುಗಿಯರ ಮನೆಗೆ ಹುಡುಗಿಯರೇ ಹೋಗಲಿ. ಫೆಬ್ರುವರಿಯೊಳಗೆ ಒಂದು ದಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಗ್ರಾಮ ಆಡಳಿತ ಅಧಿಕಾರಿಯನ್ನೂ ಬ್ಯಾಂಕಿನವರನ್ನೂ ಕರೆಸಿ, ಹೆಸರಿನ ವ್ಯತ್ಯಾಸ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ ಇವಿಷ್ಟನ್ನೂ ಎಲ್ಲ ಮಕ್ಕಳದ್ದು ಒಟ್ಟಿಗೆ ನೋಡಿ. ಫಲಿತಾಂಶ ಬಂದ ಮೇಲೆ ಈ ಕೆಲಸಕ್ಕೆ ಹೊರಟರೆ ತಡವಾಗುತ್ತದೆ.

ಸಂಘದಲ್ಲಿರುವ ಹಣವನ್ನು ಬಹುಮಾನವಾಗಿ ಕೊಡದೆ ಬಡ್ಡಿಯಿಲ್ಲದ ಮುಂಗಡವಾಗಿ ಕೊಡಿ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹುಡುಗಿಯರಿಗೆ ಬೋಧನಾ ಶುಲ್ಕವಿಲ್ಲ, ಹುಡುಗರಿಗೂ ಅದು ದೊಡ್ಡ ಮೊತ್ತವಲ್ಲ. ಆದರೆ ವಿದ್ಯಾರ್ಥಿವೇತನ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗಿನ ಇತರ ಶುಲ್ಕ, ಪುಸ್ತಕ, ಕೋಣೆ ಬಾಡಿಗೆ, ಊಟಕ್ಕೆ ಗತಿಯಿಲ್ಲದೆ ಮಕ್ಕಳು ಮರಳಿ ಬರುತ್ತಾರೆ. ಹಾಸ್ಟೆಲ್‌ಗೆ ಬೇರೆಯೇ ಅರ್ಜಿ ಹಾಕಬೇಕು. ಕಾಲೇಜಿಗೆ ಸೇರಿದರೆ ಹಾಸ್ಟೆಲ್ ತಾನಾಗಿ ಸಿಗುತ್ತದೆಂದು ನಂಬಿ ಕೆಟ್ಟವರು ಬಹಳ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಡಿ ಹತ್ತು ತಿಂಗಳ ನೆರವಿದೆ, ಅದಕ್ಕೂ ಎಸ್‌ಎಸ್‌ಪಿಯಲ್ಲೇ ಅರ್ಜಿ ಹಾಕಬೇಕು. ಮುಂಗಡ ಕೊಡುವಾಗ ಅಂಕ ನೋಡಬೇಡಿ. ಯಾರ ಮನೆಯಲ್ಲಿ ಇದುವರೆಗೆ ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲವೋ ಅವರಿಗೆ ಮೊದಲು ಕೊಡಿ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಅವರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಬೆಳಗಿನ ಬಸ್ಸು ಮೊದಲ ತರಗತಿ ಮುಗಿದ ಮೇಲೆ ತಲುಪಿದರೆ, ಸಂಜೆಯ ಬಸ್ಸು ಕತ್ತಲಾದ ಮೇಲೆ ಊರು ಸೇರಿದರೆ, ಎರಡನೆಯ ವಾರವೇ ಮನೆಯವರು ಸಾಕು ಎನ್ನುತ್ತಾರೆ. ಕಾಲೇಜಿನ ವೇಳಾಪಟ್ಟಿ ಮತ್ತು ಹೋಗುವ ವಿದ್ಯಾರ್ಥಿನಿಯರ ಪಟ್ಟಿ ಲಗತ್ತಿಸಿ, ಪಂಚಾಯಿತಿಯ ನಿರ್ಣಯದೊಂದಿಗೆ ಡಿಪೋ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಿ, ಉತ್ತರ ಬರುವವರೆಗೆ ಬೆನ್ನು ಬಿಡಬೇಡಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಗೊತ್ತಾಗಿದ್ದರೆ ಅದು ಮನೆಯ ವಿಷಯವೆಂದು ಸುಮ್ಮನಿರದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಎರಡು ಎಚ್ಚರಿಕೆ ಹೇಳುತ್ತೇನೆ, ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ಯಾವ ಮಗುವಿನ ಮೂಲ ದಾಖಲೆಯೂ ಸಂಘದವರ ಬಳಿ ಒಂದು ರಾತ್ರಿಯೂ ಉಳಿಯಬಾರದು. ಒಟಿಪಿ, ಪಾಸ್‌ವರ್ಡ್ ವಿದ್ಯಾರ್ಥಿಯ ಬಳಿಯೇ ಇರಬೇಕು. ಸೈಬರ್ ಅಂಗಡಿಯವನ ಮೊಬೈಲ್ ಸಂಖ್ಯೆ ಹಾಕಿ ಅರ್ಜಿ ತುಂಬಿಸಿಕೊಂಡವರು ಮುಂದಿನ ವರ್ಷ ಲಾಗಿನ್ ಆಗಲಾರದೆ ಅಲೆಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ಮೊದಲ ಸೆಮಿಸ್ಟರ್ ಪರೀಕ್ಷೆ ಬರೆದು, ವಿದ್ಯಾರ್ಥಿವೇತನ ಖಾತೆಗೆ ಬಂದ ಮೇಲೆಯೇ ನಿಮ್ಮ ನೋಟ್‌ಬುಕ್‌ನಲ್ಲಿ ಆ ವಿದ್ಯಾರ್ಥಿಯ ಹೆಸರಿನ ಮುಂದೆ ಗುರುತು ಹಾಕಿ. ಪ್ರವೇಶ ಪಡೆದ ದಿನವೇ ಗುರುತು ಹಾಕಿದರೆ ನಿಮ್ಮ ಪಟ್ಟಿ ಸುಳ್ಳಾಗುತ್ತದೆ.

ಪ್ರಶ್ನೆ: 371(ಜೆ) ಇರುವುದರಿಂದ ನಮ್ಮ ಮಕ್ಕಳಿಗೆ ಸೀಟು ಖಚಿತವಲ್ಲವೆ? (ಸುರಪುರ)

ಅಲ್ಲ. ಅದರ ಅಡಿಯಲ್ಲಿ ಹೊರಟ 2013ರ ಆದೇಶದಂತೆ ನಮ್ಮ ಪ್ರದೇಶದ ಸಂಸ್ಥೆಗಳಲ್ಲಿ 70 ಪ್ರತಿಶತ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಪ್ರತಿಶತ ಸೀಟು ಸ್ಥಳೀಯರಿಗೆ ಮೀಸಲು. ಅನುಬಂಧ-ಎ ಇಲ್ಲದೆ, ಅರ್ಜಿಯಲ್ಲಿ ಆ ಕಾಲಂ ತುಂಬದೆ ಕೇಳಿದವರಿಗೆ ಅದು ಸಿಗುವುದಿಲ್ಲ.

ಪ್ರಶ್ನೆ: ನರ್ಸಿಂಗ್ ಸೀಟಿಗೆಂದು ಏಜೆಂಟ್ ಮಗಳ ಮೂಲ ಅಂಕಪಟ್ಟಿ ಒಯ್ದಿದ್ದಾನೆ, ಈಗ ಸೀಟು ಬೇಡವೆಂದರೆ ಹಣ ಕೇಳುತ್ತಿದ್ದಾನೆ. (ಭಾಲ್ಕಿ)

ಒಂದು ಪೈಸೆಯನ್ನೂ ಕೊಡದೆ ಇಂದೇ ಪೊಲೀಸ್ ಠಾಣೆಗೆ ಹೋಗಿ. ಮೂಲ ದಾಖಲೆ ಇಟ್ಟುಕೊಳ್ಳುವ ಅಧಿಕಾರ ಕಾಲೇಜುಗಳಿಗೇ ಇಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಸ್ಪಷ್ಟಪಡಿಸಿದೆ, ಹೀಗಿರುವಾಗ ದಲ್ಲಾಳಿಗೆ ಎಲ್ಲಿಂದ ಬರಬೇಕು? ಬಡವರ ಮಕ್ಕಳ ಅಂಕಪಟ್ಟಿಯನ್ನು ಒತ್ತೆಯಿಟ್ಟು ಬದುಕುವ ಇಂಥವರನ್ನು ಊರೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಬಿ.ಎ. ಓದಿ ಏನು ಪ್ರಯೋಜನ? (ಹಲವರು)

ಕೆಎಎಸ್‌ನಿಂದ ಬ್ಯಾಂಕ್ ಅಧಿಕಾರಿ ಹುದ್ದೆಯವರೆಗೆ ಕೇಳುವುದು ಒಂದು ಪದವಿಯನ್ನು. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರಿಸುವುದಿಲ್ಲ.

ಪ್ರಶ್ನೆ: ಮಗಳು ಹತ್ತನೆಯದೂ ಪಿಯುಸಿಯೂ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಓದಿದ್ದಾಳೆ. ಸರ್ಕಾರದ ವಿದ್ಯಾರ್ಥಿವೇತನ ಬಿಟ್ಟು ಬೇರೆ ನೆರವು ಇದೆಯೆ? (ಔರಾದ)

ಇದೆ. ಇಂಥ ಹುಡುಗಿಯರು ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದಾಗ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ವರ್ಷಕ್ಕೆ 30,000 ರೂಪಾಯಿ, ಕೋರ್ಸ್ ಮುಗಿಯುವವರೆಗೆ. ಅರ್ಜಿಗೆ ಶುಲ್ಕವಿಲ್ಲ. ಆದ್ದರಿಂದ ಆಯ್ಕೆ ಮಾಡಿಸುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಕಾಲೇಜಿನ ಪ್ರಾಂಶುಪಾಲರಿಗೆ ಅವರ ಹೆಸರು ಹೇಳಿ.