ಬೆಂಕಿಕಡ್ಡಿಯನ್ನು ಪೊಟ್ಟಣದ ಪಕ್ಕಕ್ಕೇ ಗೀರಬೇಕು, ಗೋಡೆಗೆ ಗೀರಿದರೆ ಯಾಕೆ ಹತ್ತುವುದಿಲ್ಲ?

ಬೇಕಾದ ಮದ್ದೆಲ್ಲ ಕಡ್ಡಿಯ ತಲೆಯಲ್ಲೇ ಇಲ್ಲ, ಅದಕ್ಕೆ. ತಲೆಯಲ್ಲಿ ಮುಖ್ಯವಾಗಿ ಉರಿಯಲು ಆಮ್ಲಜನಕ ಒದಗಿಸುವ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಕೆಂಪು ರಂಜಕ (ಫಾಸ್ಫರಸ್) ಇರುವುದು ಪೊಟ್ಟಣದ ಪಕ್ಕದ ಕಂದು ಪಟ್ಟಿಯಲ್ಲಿ, ಗಾಜಿನ ಪುಡಿಯ ಜೊತೆ. ಗೀರಿದಾಗ ಎರಡೂ ಸೇರಿ ಹೊತ್ತಿಕೊಳ್ಳುತ್ತವೆ.

1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ಮಾರಿದ ಕಡ್ಡಿಗಳನ್ನು ಮರಳುಕಾಗದಕ್ಕೆ ಉಜ್ಜಬೇಕಿತ್ತು. ಆಮೇಲೆ ಬಂದ ಬಿಳಿ ರಂಜಕದ ಕಡ್ಡಿ ಎಲ್ಲಿ ಗೀರಿದರೂ ಹತ್ತುತ್ತಿತ್ತು. ಆದರೆ ಅದನ್ನು ಮಾಡುವವರ ದವಡೆ ಮೂಳೆಯೇ ಕೊಳೆಯುತ್ತಿತ್ತು, ಭಯಂಕರ ಅಲ್ವಾ? 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಕೆಂಪು ರಂಜಕ ಬಳಸಿ, ಅದನ್ನು ಪಟ್ಟಿಯಲ್ಲಿಟ್ಟರು. ಅಲ್ಲಿಂದ ಪೊಟ್ಟಣ ಸುಮ್ನೆ ಕಡ್ಡಿ ತುಂಬುವ ಡಬ್ಬಿಯಾಗಿ ಉಳಿಯಲಿಲ್ಲ.

ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವುದು ಜಾಸ್ತಿ ಶಿವಕಾಶಿ, ಕೋವಿಲ್‌ಪಟ್ಟಿ ಕಡೆಯ ಮಾಲು. ಮಳೆಗಾಲದಲ್ಲಿ ಹತ್ತದಿದ್ದರೆ ಕಡ್ಡಿಯನ್ನಷ್ಟೇ ಬೈಯಬೇಡಿ, ಪಟ್ಟಿಗೂ ತೇವ ತಗುಲಿರುತ್ತದೆ.